ಮೂರನೆಯ ಏಟು

ನಾನು ಕೊಲೆಗಳನ್ನು ಬರೆದು ಬದುಕುವವನು. ಸುರಪುರದ ಮನೆಯ ಪಡಸಾಲೆಯಲ್ಲಿ ಕೂತು ಎರಡು ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ಮುಗಿಸುತ್ತಿದ್ದೆ. ಅವು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ನೇತಾಡುತ್ತವೆ. ಈಗೀಗ ಮೊಬೈಲಿನಲ್ಲೂ ಓದುತ್ತಾರಂತೆ. ಕಲಬುರಗಿಯ ನನ್ನ ಪ್ರಕಾಶಕರದು ಒಂದೇ ಹಟ: "ಮೊದಲ ಹತ್ತು ಪುಟದಾಗ ಒಂದು ಹೆಣ ಬೀಳಬೇಕ್ರಿ. ಇಲ್ಲಂದ್ರ ಓದೋರು ಪುಸ್ತಕ ಕೆಳಗಿಡ್ತಾರ." ನಾನು ಬೀಳಿಸುತ್ತಿದ್ದೆ. ಕುತ್ತಿಗೆ ಕೊಯ್ದು, ಬಾವಿಗೆ ನೂಕಿ, ಮಲಗಿದವನ ತಲೆಯ ಮೇಲೆ ಕಲ್ಲು ಎತ್ತಿಹಾಕಿ. ಇಷ್ಟೆಲ್ಲ ಬರೆದವನು ಒಬ್ಬ ಮನುಷ್ಯ ಇನ್ನೊಬ್ಬನನ್ನು ಕೊಲ್ಲುವುದನ್ನು ಕಣ್ಣಿಂದ ನೋಡಿರಲಿಲ್ಲ. ನೋಡಿದ್ದು ಶಹಾಪುರದ ಕುರಿ ಸಂತೆಯಲ್ಲಿ.

ಆವತ್ತು ಯಾದಗಿರಿಯಲ್ಲಿ ರೈಲು ಹಿಡಿದು ಕಲಬುರಗಿಗೆ ಹೋಗಿ, ತಿದ್ದಿದ ಕರಡು ಕೊಟ್ಟು ಬರಬೇಕಿತ್ತು. ಶಹಾಪುರದಲ್ಲಿ ಬಸ್ಸು ಬದಲಿಸುವ ಮೊದಲು ಸಂತೆಯ ಅಂಚಿನ ಚಹಾದಂಗಡಿಯಲ್ಲಿ ಕೂತೆ. ಅಂಗಡಿಯವರು ನನಗೆ ಬಹಳ ವರ್ಷದ ಪರಿಚಯ. ಮನೆಯಲ್ಲಿ ದಖನಿ ಉರ್ದು ಆಡುವ ಮನುಷ್ಯ, ನಮ್ಮ ಜೊತೆ ನಮ್ಮ ಹಾಗೆಯೇ ಕನ್ನಡ. ನಮ್ಮೆದುರಿಗೆ ಇಬ್ಬರು ಜಗಳಕ್ಕೆ ನಿಂತಿದ್ದರು. ಹುಣಸಗಿ ಕಡೆಯ ಒಂದೇ ಊರಿನವರು, ಕೂಡಿ ಕುರಿ ವ್ಯಾಪಾರ ಮಾಡುವವರು. ಮುಖ ನೋಡಿ ನನಗೂ ಗೊತ್ತು.

"ನನ್ನ ಕೇಳಲಾರ್ದ ಟಗರು ಮಾರಿದ್ಯಲ್ಲೋ," ಅಂದ ಒಬ್ಬ.

"ಮಾರೀನಿ. ಏನ್ ಮಾಡ್ತಿ?" ಅಂದ ಇನ್ನೊಬ್ಬ.

ಕೇಳಿದವನು ತಿರುಗಿ ತನ್ನ ಟಂಟಂ ಆಟೋ ಕಡೆ ನಡೆದ. ಜಗಳ ಮುಗಿಯಿತೆಂದು ನಾವೆಲ್ಲ ಅಂದುಕೊಂಡೆವು. ಅವನು ವಾಪಸು ಬಂದಾಗ ಕೈಯಲ್ಲಿ ಕೊಡಲಿ ಇತ್ತು, ಆಡಿಗೆ ಸೊಪ್ಪು ಕಡಿಯುವ ಚಿಕ್ಕ ಕೊಡಲಿ.

ಮೊದಲ ಏಟು ಕುತ್ತಿಗೆ ಹೆಗಲು ಕೂಡುವಲ್ಲಿ ಬಿತ್ತು. ನಾನು ಬರೆಯುತ್ತಿದ್ದ ಸದ್ದು ಅದಾಗಿರಲಿಲ್ಲ. ಹಸಿ ಕಟ್ಟಿಗೆಯಲ್ಲಿ ಅಲಗು ಸಿಕ್ಕಿಕೊಂಡಂಥ ಮೊಂಡು ಸದ್ದು. ಅಲಗನ್ನು ಕಿತ್ತುಕೊಳ್ಳಲು ಅವನು ನೆಲಕ್ಕೆ ಕಾಲೂರಿ ಜಗ್ಗಬೇಕಾಯಿತು. ಕಟ್ಟಿದ ಕುರಿಗಳು ಹಗ್ಗ ಜಗ್ಗಿ ಒಂದರ ಮೇಲೊಂದು ಬಿದ್ದವು. ಏಟು ತಿಂದವನು ಇನ್ನೂ ನಿಂತೇ ಇದ್ದ. ತನ್ನ ಹೆಗಲು ತಾನೇ ಮುಟ್ಟಿ ನೋಡಿಕೊಂಡ. ಕೊಡಲಿ ಮತ್ತೆ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಅವನು ಹಿಕ್ಕೆಯ ಮೇಲೆ ಅಂಗಾತ ಬಿದ್ದಿದ್ದ. ಚಹಾದವರು ಓಡಿಹೋಗಿ ಹೆಗಲ ಮೇಲಿನ ಟವೆಲ್ಲನ್ನು ಗಾಯಕ್ಕೆ ಒತ್ತಿ ಹಿಡಿದಿದ್ದರು. ಅವರ ಬೆರಳ ಸಂದಿಯಿಂದ ನೆತ್ತರು ಉಕ್ಕುತ್ತಿತ್ತು. "ಯಾರರ ಗಾಡಿ ತರ್ರೋ!" ಎಂದು ಕಿರುಚುತ್ತಿದ್ದರು. ನಾನು ಕರಡಿನ ಕಟ್ಟನ್ನು ಎದೆಗೆ ಅವುಚಿಕೊಂಡು ಸುಮ್ಮನೆ ನಿಂತಿದ್ದೆ. ಗಾಡಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ಎಷ್ಟು ಏಟು ಎಂದು ಕೇಳಿದರು. ಮೂರು ಅಂದೆ.

ಬೇಕಂತಲೇ ಸುಳ್ಳು ಹೇಳಲಿಲ್ಲ. ನನ್ನ ಕಾದಂಬರಿಗಳಲ್ಲಿ ಕೊಲೆಗಾರ ಮೂರು ಸಲ ಹೊಡೆಯುತ್ತಾನೆ. ಎರಡಕ್ಕೆ ನಿಲ್ಲಿಸಿದರೆ ವಾಕ್ಯ ಕುಂಟುತ್ತದೆ. ಬಾಯಿ ತಾನಾಗಿ ಮೂರು ಅಂದಿತು. ಸಂಜೆಯ ಹೊತ್ತಿಗೆ ಆ ಮೂರನೆಯ ಏಟು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣತೊಡಗಿತ್ತು. ಅಲಗಿನ ಮೇಲೆ ಬಿದ್ದ ಬಿಸಿಲು ಸಮೇತ.

ವರ್ಷ ದಾಟಿದ ಮೇಲೆ ಯಾದಗಿರಿಯ ಕೋರ್ಟಿನಲ್ಲಿ ಸಾಕ್ಷಿ. ಸಂತೆಯ ಇಬ್ಬರು, "ನಾವು ಅಲ್ಲಿ ಇರ್ಲೇ ಇಲ್ರಿ," ಅಂದುಬಿಟ್ಟರು. ಚಹಾದವರು, "ಹೊಡೆಯೋವಾಗ ನಾ ಒಲಿ ಕಡಿ ಮುಖ ಮಾಡಿದ್ದೆ ಸಾಬ್. ಬಿದ್ದ ಮ್ಯಾಲ ನೋಡೀನಿ," ಅಂದರು. ಅವರು ಅಷ್ಟೇ ಹೇಳಿದರು, ಒಂದು ಮಾತು ಹೆಚ್ಚಿಲ್ಲ. ಉಳಿದವನು ನಾನು. ಕಣ್ಣಾರೆ ಕಂಡವನೆಂದು ಸರಕಾರಿ ವಕೀಲರು ನನ್ನನ್ನೇ ನಂಬಿದ್ದರು.

ಆರೋಪಿಯ ವಕೀಲರು ಮೆತ್ತಗೆ ಕೇಳಿದರು. "ಎಷ್ಟು ಏಟು?"

"ಮೂರು."

"ಡಾಕ್ಟರ ವರದಿಯಲ್ಲಿ ಎರಡೇ ಗಾಯ. ಮೂರನೇದು ಎಲ್ಲಿ ಬಿತ್ತು?"

ಅವರು ಕಡತದ ಕೆಳಗಿನಿಂದ ಒಂದು ಪುಸ್ತಕ ತೆಗೆದರು. ನನ್ನದೇ. ಗುರುತು ಹಾಕಿಟ್ಟ ಪುಟ ಬಿಡಿಸಿ, ನಾಟಕದವರ ಹಾಗೆ ಓದಿದರು. ಮೊದಲ ಏಟಿಗೆ ಬೆರಗು, ಎರಡನೆಯದಕ್ಕೆ ನೋವು, ಮೂರನೆಯದಕ್ಕೆ ಸಾವು.

"ಇದು ನೀವು ಬರೆದದ್ದು?"

"ಹೌದ್ರಿ."

"ಈ ಘಟನೆಗಿಂತ ಮೊದಲು?"

"ಹೌದು."

"ಎರಡನೇ ಏಟಾದರೂ ನೋಡಿದ್ರೋ, ಅದೂ ಕಥೆಯೋ?"

"ನೋಡಿಲ್ಲ. ಕಣ್ಣು ಮುಚ್ಚಿದ್ದೆ," ಅಂದೆ. ಹಿಂದೆ ಯಾರೋ ನಕ್ಕರು. ಮೊದಲ ಏಟು ಮಾತ್ರ ಖರೇ ನೋಡೀನಿ ಎಂದು ಆಮೇಲೆ ಎಷ್ಟು ಹೇಳಿದರೂ ಅದಕ್ಕೆ ತೂಕ ಉಳಿಯಲಿಲ್ಲ.

ಸಂಶಯದ ಲಾಭ ಕೊಟ್ಟು ಆರೋಪಿಯನ್ನು ಬಿಟ್ಟರು. ತೀರ್ಪಿನ ದಿನ ಕೋರ್ಟಿನ ಬೇವಿನ ಮರದ ಕೆಳಗೆ ಸತ್ತವನ ಹೆಂಡತಿ ನನ್ನ ಕಾಲರಿಗೆ ಕೈ ಹಾಕಿದಳು. ಕುರಿ ಕೆಡವುವ ಕೈ ಅದು. ಮುಖಕ್ಕೆ ಬಿದ್ದ ಹೊಡೆತಕ್ಕೆ ತುಟಿ ಹರಿಯಿತು, ಕನ್ನಡಕ ಹಾರಿ ಬಿತ್ತು.

"ಸಾವಿರ ಸುಳ್ಳು ಹೆಣ ಬೀಳಿಸಿದಿ. ನನ್ನ ಗಂಡನ ಒಂದು ಖರೇ ಹೆಣ ಹೇಳಾಕ ಬರಲಿಲ್ಲೇನು ನಿನಗ?"

ಮತ್ತೆ ಹೊಡೆದಳು. ಜನ ಬಿಡಿಸಿದರು. ನನಗೆ ಬಿಡಿಸುವುದು ಬೇಕಿರಲಿಲ್ಲ.

ಅದೇ ವಾರ ಪ್ರಕಾಶಕರ ಫೋನು. "ಇದನ್ನ ಕಾದಂಬರಿ ಮಾಡ್ರಿ. ಕಣ್ಣಾರೆ ಕಂಡವರು ಬರೆದದ್ದು ಅಂತ ಮುಖಪುಟದ ಮ್ಯಾಲ ಹಾಕೋಣ." ನಾಚಿಕೆ ಬಿಟ್ಟು ಹೇಳುತ್ತೇನೆ, ಬರೆಯಲು ಕೂತೆ. ಹನ್ನೊಂದು ಪುಟ ಸರಾಗವಾಗಿ ಬಂತು. ಓದಿ ನೋಡಿದರೆ ಅಲ್ಲೂ ಕೊಡಲಿ ಮೂರು ಸಲ ಎದ್ದಿತ್ತು. ಹಾಳೆಗಳನ್ನು ಬಚ್ಚಲ ಒಲೆಗೆ ತುರುಕಿ, ಮರುದಿನ ಹುಣಸಗಿ ಬಸ್ಸು ಹತ್ತಿದೆ.

ಅವಳು ಹಟ್ಟಿಯ ಮುಂದೆ ಸೊಪ್ಪು ಕಡಿಯುತ್ತಿದ್ದಳು. ಕೈಯಲ್ಲಿ ಅಂಥದೇ ಕೊಡಲಿ. ನನ್ನನ್ನು ಕಂಡವಳು ಅದನ್ನು ಕೆಳಗಿಡಲಿಲ್ಲ.

"ಯಾಕ ಬಂದಿ?"

"ಕಂಡದ್ದಷ್ಟ ಹೇಳಾಕ ಬಂದೀನಿ ಯವ್ವಾ. ಮೊದಲ ಹೇಳಬೇಕಿತ್ತು."

ಕಲ್ಲಿನ ಮೇಲೆ ಕೂಡಿಸಿದಳು. ನಾನು ಹೇಳಿದೆ. ಒಂದು ಏಟು, ಅವನು ಹೆಗಲು ಮುಟ್ಟಿಕೊಂಡದ್ದು, ನಾನು ಕಣ್ಣು ಮುಚ್ಚಿದ್ದು, ಟವೆಲ್ಲು. ಅವಳು ಸೊಪ್ಪು ಕಡಿಯುತ್ತಲೇ ಕೇಳಿದಳು. ಆಮೇಲೆ ಕೈ ನಿಂತಿತು.

"ಸಾಯೋವಾಗ ಏನಂದ? ನನ್ನ ಹೆಸರು ತಗೊಂಡ್ನೇನು?"

ಆ ಗಳಿಗೆಯಲ್ಲೇ ನನ್ನ ತಲೆಯಲ್ಲಿ ನಾಲ್ಕು ಒಳ್ಳೊಳ್ಳೆಯ ಮಾತು ಹುಟ್ಟಿದವು. ಯಾವುದನ್ನು ಹೇಳಿದ್ದರೂ ಅವಳು ನಂಬಬಹುದಿತ್ತು. ಜೀವಮಾನವಿಡೀ ನಾನು ಮಾಡಿದ ಕೆಲಸವೇ ಅದು.

"ಇಲ್ಲ. ತುಟಿ ಆಡಿದವು, ದನಿ ಬರಲಿಲ್ಲ."

ಅವಳು ಕೊಡಲಿಯನ್ನು ಕೊರಡಿಗೆ ಬಲವಾಗಿ ಹೊಡೆದಳು. "ಊರಾಗಿನವ್ರು ಹೆಸರ ಕರದ ಅಂದ್ರು. ಸುಳ್ಳಂತ ನನಗ ಗೊತ್ತಿತ್ತು. ಹೆಸರ ಹಿಡದು ಅಂವ ನನ್ನ ಎಂದೂ ಕರದಾವಲ್ಲ," ಅಂದು ಅಲ್ಲೇ ಕುಕ್ಕರಿಸಿ ಅತ್ತಳು.

ಈಗಲೂ ಕೊಲೆ ಬರೆಯುತ್ತೇನೆ, ಬೇರೆ ಕಸುಬು ಬರುವುದಿಲ್ಲ. ಆದರೆ ಒಂದೊಂದು ಏಟಿಗೆ ನಾಲ್ಕು ದಿನ ಹಿಡಿಯುತ್ತದೆ. ಪ್ರಕಾಶಕರು ಬೇಸತ್ತು ನನ್ನ ಸರದಿಯ ಪುಸ್ತಕಗಳಲ್ಲಿ ಅರ್ಧವನ್ನು ಇನ್ನೊಬ್ಬ ಬರಹಗಾರರಿಗೆ ಕೊಟ್ಟಿದ್ದಾರೆ. ಬಿಡುಗಡೆಯಾದವನು ಅದೇ ಸಂತೆಯಲ್ಲಿ ಕುರಿ ಮಾರುತ್ತಾನೆ. ಕಳೆದ ತಿಂಗಳು ಚಹಾದಂಗಡಿಯಲ್ಲಿ ನನ್ನ ಬೆಂಚಿಗೇ ಬಂದು ಕೂತ.

"ಹೊಸ ಪುಸ್ತಕ ಯಾವಾಗ್ರಿ?" ಅಂದ, ನಗುತ್ತ.

"ನೀ ಹೊಡೆದದ್ದು ನಾ ನೋಡೀನಿ," ಅಂದೆ.

ಅವನ ನಗು ಹೋಯಿತು. ಬಹಳ ಹೊತ್ತು ನನ್ನ ಕುತ್ತಿಗೆಯನ್ನೇ ನೋಡಿದ. ಆಮೇಲೆ ಚಹಾ ಮುಗಿಸಿ ಎದ್ದು ಕುರಿಗಳ ಕಡೆ ಹೋದ. ಯಾದಗಿರಿ ಬಸ್ಸು ಬರುವವರೆಗೂ ನಾನು ಅವನ ಕೈಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.