ರಶೀದ್ ಮಾಡಿದ ಗುಲಾಬಿ ಹಿಡಿ

ಮಲೇಷ್ಯಾದ ಮೆಲಾಕಾದಲ್ಲಿರುವ ನಮ್ಮ ದಂತ ಕಾಲೇಜಿನಲ್ಲಿ ರಶೀದ್‌ನಷ್ಟು ಮೊಂಡ ಮನುಷ್ಯ ಇನ್ನೊಬ್ಬನಿಲ್ಲ. ನಾನು ಪಾಠ ಮಾಡುವವಳು, ಅವನು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಕಟ್ಟುವವನು. ರಾಣೆಬೆನ್ನೂರು ಬಿಟ್ಟು ಇಪ್ಪತ್ತಾರು ವರ್ಷವಾದರೂ ನನ್ನನ್ನು 'ರತ್ನಾ ಅಕ್ಕಾರ' ಎಂದೇ ಕರೆಯುತ್ತಾನೆ. ಅವನ ಸೆಟ್ಟು ಎಷ್ಟು ಹೊಳೆಯುತ್ತದೆಂದರೆ, ಮುದುಕರು ಬಾಯಿಗೆ ಹಾಕಿಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡುತ್ತಾ ಕೂರುತ್ತಾರೆ.

ಅವನ ಮಗಳು ಝೋಯಾ ಏರ್ ಪಿಸ್ತೂಲ್ ಶೂಟಿಂಗ್ ಆಡುತ್ತಾಳೆ. ಹೋದ ವರ್ಷ ಬ್ಯಾಡ್ಮಿಂಟನ್ ಆಡುವಾಗ ಬಿದ್ದು ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಬಲ ಬರಲಿಲ್ಲ. ಕ್ಲಬ್ಬಿನ ಪಿಸ್ತೂಲಿನ ಹಿಡಿಯಂತೂ ಗಂಡಸರ ಅಂಗೈಗೆ ಮಾಡಿದ್ದು, ಮಣಭಾರ. ಹತ್ತು ಗುಂಡು ಹೊಡೆಯುವಷ್ಟರಲ್ಲಿ ಹುಡುಗಿಯ ಕೈ ನಡುಗುತ್ತಿತ್ತು. ಶನಿವಾರದ ಆಯ್ಕೆಯಲ್ಲಿ ಮೊದಲ ನಾಲ್ವರಲ್ಲಿ ಬರದಿದ್ದರೆ ಟೀಮಿನಲ್ಲಿ ಜಾಗವಿಲ್ಲ ಎಂದು ಕೋಚ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಬೇಕಾದರೆ ಹಿಡಿ ಬದಲಿಸಿಕೊಳ್ಳಬಹುದು, ಪಿಸ್ತೂಲು ಮಾತ್ರ ಕ್ಲಬ್ ಬಿಟ್ಟು ಹೊರಬರಕೂಡದು ಎಂದೂ ಸೇರಿಸಿದರು. ಝೋಯಾ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು.

"ಹಿಡಿ ನಾ ಮಾಡ್ತೀನ್ರಿ ಅಕ್ಕಾರ," ಎಂದ ರಶೀದ್. "ಬಾಯಿಗೆ ಹಲ್ಲು ಹೊಂದಸಾಂವಗ ಕೈ ಏನ್ ದೊಡ್ಡದ್ರಿ?"

"ಹಲ್ಲಿಗೂ ಪಿಸ್ತೂಲಿಗೂ ಏನಪ್ಪಾ ಸಂಬಂಧ?" ಎಂದು ರೇಗಿದೆ. ಕೇಳಿದರೆ ತಾನೆ!

ಹಲ್ಲಿನ ಅಚ್ಚು ತೆಗೆಯುವ ಪೇಸ್ಟನ್ನು ಮಗಳ ಮುಷ್ಟಿಗೆ ಕೊಟ್ಟು ಅಚ್ಚು ತೆಗೆದ. ಮೊದಲ ಹಿಡಿಯನ್ನು ಸೆಟ್ಟಿನ ಅಕ್ರಿಲಿಕ್‌ನಲ್ಲೇ ಎರಕ ಹೊಯ್ದ. ಥೇಟ್ ಒಸಡಿನ ಬಣ್ಣ, ಗುಲಾಬಿ! ನೆಲಕ್ಕೆ ಬೀಳಿಸಿದರೂ ಬಿರುಕು ಬಿಡಲಿಲ್ಲ, ಆದರೆ ಹಳೆಯದಕ್ಕಿಂತ ಭಾರ. ಎರಡನೆಯದನ್ನು ಇಲ್ಲಿಯ ಜೆಲುಟಾಂಗ್ ಮರದಲ್ಲಿ ಕೆತ್ತಿದ. ಹತ್ತಿಯಷ್ಟು ಹಗುರ, ಉಗುರು ಒತ್ತಿದರೆ ಗುಳಿ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಆರಿಹೋಗುತ್ತಿದ್ದರೂ ಆ ಮರದ ತುಂಡನ್ನು ಒತ್ತಿ ಒತ್ತಿ ನೋಡುತ್ತಾ ಕೂತಿರುತ್ತಿದ್ದ. ನನಗೆ ತಲೆ ಚಿಟ್ಟು ಹಿಡಿಯಿತು.

ಕೊನೆಗೆ ಒಳಗೆ ಮರ ಇಟ್ಟು, ಮೇಲೆ ಅಕ್ರಿಲಿಕ್ಕನ್ನು ತೆಳ್ಳಗೆ ಬಳಿದ. ಹಗುರವೂ ಆಯಿತು, ಗಟ್ಟಿಯೂ ಆಯಿತು. ಎರಡು ದಿನ ಕೂತು ಪಾಲಿಶ್ ಮಾಡಿದ. ನಾನೂ ಭೇಷ್ ಎಂದೆ.

ಶನಿವಾರ ಬೆಳಿಗ್ಗೆ ಕೋಚ್ ಹಿಡಿಯನ್ನು ಪರೀಕ್ಷಿಸಿ ಪಿಸ್ತೂಲಿಗೆ ಸ್ಕ್ರೂ ಹಾಕಿ ಕೂರಿಸಿದರು. ನಾವಿಬ್ಬರೂ ಹೊರಗೆ ನಿಂತಿದ್ದೆವು. ಅಭ್ಯಾಸದ ನಾಲ್ಕು ಗುಂಡು ಮುಗಿಸಿ ಝೋಯಾ ಬಿಚ್ಚಿದ ಹಿಡಿಯನ್ನು ಕೈಯಲ್ಲಿ ಹಿಡಿದು ಅಪ್ಪನ ಬಳಿ ಓಡಿಬಂದಳು.

"ಅಬ್ಬಾ, ಇಟ್ ಸ್ಲಿಪ್ಸ್ ಲಾ! ಕೋಚ್ ಗೇವ್ ಮಿ ಟೆನ್ ಮಿನಿಟ್ಸ್." ಕಣ್ಣು ತುಂಬಿತ್ತು.

ಬೆವರಿದ ಕೈ ಜಾರದೆ ಇನ್ನೇನು? ಬಾಯೊಳಗೆ ಕೂರುವ ವಸ್ತುವಿಗೆ ತರಿತರಿ ಇರಕೂಡದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾವಿಬ್ಬರೂ ಆ ಪಾಠವನ್ನೇ ಹಿಡಿದು ಕೂತಿದ್ದೆವು.

"ಇದೇನು ಷೋಕೇಸಿಗಾ ಮಾಡಿದ್ದು? ಕೈ ಬೆವರುತ್ತೆ ಅಂತ ಗೊತ್ತಾಗ್ಲಿಲ್ವಾ?" ಎಂದು ಅವನ ಮೇಲೆ ಹರಿಹಾಯ್ದೆ. ನಿಜಕ್ಕೂ ನನ್ನ ಮೇಲೇ ಸಿಟ್ಟು ಬಂದಿತ್ತು.

ರಶೀದ್ ಕಾರಿನಿಂದ ಒರಟು ಉಪ್ಪು ಕಾಗದ ತಂದ. ತಂದವನು ಹಿಡಿಯ ಮೇಲೆ ಕಾಗದ ಇಟ್ಟು ಹಾಗೇ ನಿಂತುಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಪಾಲಿಶ್ ಆದ ವಸ್ತುವನ್ನು ಗೀರಿದ ಕೈಯಲ್ಲ ಅದು.

"ನೀನ ತಿಕ್ಕು ಬೇಟಾ," ಎಂದು ಮಗಳಿಗೆ ಕೊಟ್ಟ. "ಎಲ್ಲಿ ಜಾರತೈತಿ ಅಂತ ನಿನ್ನ ಕೈಗೇ ಗೊತ್ತು."

"ಬಟ್ ಅಬ್ಬಾ, ನೀವು ಎಷ್ಟು ಕಷ್ಟಪಟ್ಟು..."

"ತಿಕ್ಕು!"

ಅವಳು ತಿಕ್ಕಿದಳು, ಬೆರಳು ಕೂರುವ ಕಡೆ, ಅಂಗೈ ಒತ್ತುವ ಕಡೆ. ಕರಕರ ಸದ್ದಿಗೆ ಅವನು ಮುಖ ಆಚೆ ತಿರುಗಿಸಿಕೊಂಡ. ಹುಡುಗಿ ಮೂರು ಸಲ ಮುಷ್ಟಿ ಬಿಗಿದು ನೋಡಿ ಒಳಗೆ ಓಡಿದಳು.

ಒಂದೂವರೆ ಗಂಟೆ ನಾವು ಹೊರಗೇ ಕಾದೆವು. ಆಮೇಲೆ ಕೋಚ್ ಹೊರಗೆ ಬಂದು ಹೆಸರು ಓದಿದರು. ಒಂದು, ಎರಡು, ಮೂರು. ನಾಲ್ಕನೆಯ ಹೆಸರು ಝೋಯಾ.

ಅವಳು ಬಂದು ಅಪ್ಪನ ಮುಂದೆ ಬಲಗೈ ಚಾಚಿದಳು. ಅಂಗೈ ಕೆಂಪಾಗಿತ್ತು, ನಡುಕ ಚೂರೂ ಇರಲಿಲ್ಲ. ರಶೀದ್ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅಷ್ಟು ಜನರ ನಡುವೆ ಗೊಳೋ ಎಂದು ಅತ್ತ.

ನಾನೂ ಅತ್ತೆ. ಏನೀಗ?