ಬಸ್ ನಿಲ್ದಾಣದ ದನಿಗೆ ಏಳು ದಿನ ರಜೆ

ನಮ್ಮ ಅತ್ತಿಗೆ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷದಿಂದ ಮೈಕಿನ ಮುಂದೆ ಕೂತವರು. ಯಾವ ಬಸ್ಸು ಎಲ್ಲಿ ಬಂದು ನಿಂತಿದೆ ಎಂದು ಊರಿಗೆಲ್ಲ ಹೇಳುವ ದನಿ ಅವರದು. ಮನೆಯಲ್ಲೂ ಅಷ್ಟೇ, ಅವರು ಊಟಕ್ಕೆ ಕರೆದರೆ ಪಕ್ಕದ ಮನೆಯವರೂ ಕೈ ತೊಳೆದುಕೊಳ್ಳಬೇಕು. ನಮ್ಮಣ್ಣ ದರ್ಜಿ. ಮಾತಾಡಿದರೆ ಮುತ್ತು ಉದುರೀತು ಎನ್ನುವ ಜಾತಿ.

ಅತ್ತಿಗೆಯ ಗಂಟಲಲ್ಲಿ ಸಣ್ಣ ಗಂಟಾಯಿತು. ಆಪರೇಷನ್ ಮಾಡಿದ ಡಾಕ್ಟರಮ್ಮ ಏಳು ದಿನ ತುಟಿಪಿಟಕ್ ಎನ್ನಬಾರದು, ಪಿಸುಮಾತೂ ಬೇಡ ಎಂದರು. ಗಾಯ ಕೆದಕಿಕೊಂಡರೆ ಹಳೆಯ ದನಿ ಮರಳುವುದು ಅನುಮಾನ. ನಿಲ್ದಾಣದ ಸಾಹೇಬರು ಬೇರೆ, ದನಿ ಬಾರದಿದ್ದರೆ ಯಂತ್ರ ಕೂರಿಸುತ್ತೇವೆ ಎಂದಿದ್ದರು. ಅತ್ತಿಗೆಗೆ ನೋವಿಗಿಂತ ಅದರ ಭಯವೇ ಹೆಚ್ಚು.

ಅವರು ಸ್ಲೇಟು ಹಿಡಿದರು. ಮೌನ ಅವರದು, ತಲೆ ಕೆಟ್ಟದ್ದು ನಮಗೆ. ಸೊಸೆಗೆ ಕಿವಿಯೂ ಹೋಯಿತೇನೋ ಎಂಬಂತೆ ಅಮ್ಮ ಕಿರುಚಿ ಮಾತಾಡಿದಳು. ನಾನು ಕೈಸನ್ನೆ ಶುರುಮಾಡಿದೆ. ಅತ್ತಿಗೆ ‘ಕಿವಿ ನೆಟ್ಟಗಿದೆ’ ಎಂದು ಸ್ಲೇಟಿನಲ್ಲಿ ದಪ್ಪಗೆ ಬರೆದು ಗೋಡೆಗೆ ಒರಗಿಸಿಟ್ಟರು. ಇನ್ನೊಂದು ಬೆಳಿಗ್ಗೆ ಸ್ಲೇಟಿನಲ್ಲಿ ದೂರು: ‘ನಿಮ್ಮಣ್ಣ ನಿದ್ದೆಯಲ್ಲಿ ತಿವಿಯುತ್ತಾರೆ.’

ಅಣ್ಣನ ಕಣ್ಣು ದಿನದಿನಕ್ಕೆ ಕೆಂಪಾಗುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ತೂಕಡಿಸಿ, ಯಾರದೋ ಪ್ಯಾಂಟಿನ ಒಂದು ಕಾಲು ಗಿಡ್ಡ ಮಾಡಿದ. ಹೆಂಡತಿ ಬಾಯಿ ಮುಚ್ಚಿರುವಾಗಲಾದರೂ ಹಾಯಾಗಿರಬಾರದೇ ಎಂದು ಛೇಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಂಟನೆಯ ದಿನ ಡಾಕ್ಟರಮ್ಮ ಗಂಟಲು ನೋಡಿ, ಗಾಯ ಚೆನ್ನಾಗಿ ಮಾಯ್ದಿದೆ, ನಿಜವಾಗಿಯೂ ಒಂದು ಮಾತೂ ಆಡಲಿಲ್ಲವೇ ಎಂದು ಕೇಳಿದರು. ಅತ್ತಿಗೆ ಇಲ್ಲವೆಂದು ಹೆಮ್ಮೆಯಿಂದ ತಲೆಯಾಡಿಸಿದರು. ಆಗ ಅಣ್ಣ, ಯಾರೂ ಕೇಳದೆಯೇ, ಬಾಯಿಬಿಟ್ಟ.

“ಇವಳು ನಿದ್ದೇಲಿ ಬಸ್ ಕೂಗ್ತಾಳೆ ಡಾಕ್ಟ್ರೇ, ಕೆಲಸಕ್ಕೆ ಸೇರಿದಾಗಿಂದ್ಲೂ. ಅದಕ್ಕೇ ಏಳು ರಾತ್ರೀನೂ ಪಕ್ಕದಲ್ಲಿ ಕೂತಿದ್ದೆ. ತುಟಿ ಅಲ್ಲಾಡಿದ ಕೂಡ್ಲೇ ತಿವಿದು ಎಬ್ಬಿಸ್ತಿದ್ದೆ. ಮೊದ್ಲೇ ಹೇಳಿದ್ರೆ ಹೆದರ್ಕೊಂಡು ಅವಳೂ ಮಲಗ್ತಿರ್ಲಿಲ್ಲ.”

ಅವನ ಬಾಯಿಂದ ಅಷ್ಟುದ್ದ ಮಾತು ನಾನು ಕೇಳಿದ್ದೇ ಅವತ್ತು. ಅತ್ತಿಗೆ ಅವನನ್ನೇ ನೋಡುತ್ತ ಕೂತರು. ಈಗ ಮೆಲ್ಲಗೆ ಏನಾದರೂ ಹೇಳಿ ನೋಡಿ ಎಂದರು ಡಾಕ್ಟರಮ್ಮ. ಮೈಕಿನ ಮುಂದಿನ ಮಾತೇ ಬರುತ್ತದೆಂದು ನಾನು ಕಾದೆ.

“ಇವತ್ತು ನೀವು ಮಲಗಿ. ನಾನು ಕೂತಿರ್ತೀನಿ.”

ದನಿ ಸಣ್ಣಗಿತ್ತು. ಆದರೆ ಎಲ್ಲೂ ಒಡಕಿರಲಿಲ್ಲ.