ಓರೆ ಬಿಸಿಲಿಗೆ ಕಾಣುವ ಬೀಗದ ಕೈ

ಹೇಳಿದರೆ ಅಪ್ಪನ ಹೆಸರಿಗೆ ಮಸಿ. ಹೇಳದಿದ್ದರೆ ಆ ಹಿರಿಯ ಹೆಂಗಸು ಇನ್ಯಾರದೋ ಸಮಾಧಿಯ ಮುಂದೆ ಕಣ್ಣೀರಿಟ್ಟು ಹೋಗುತ್ತಾರೆ. ನಸುಕಿನಿಂದ ಕಲ್ಲಣ್ಣನವರ ತಲೆಯಲ್ಲಿ ಇದೇ ಗಾಣ ತಿರುಗುತ್ತಿದೆ. ಕೈ ಮಾತ್ರ ತನ್ನ ಪಾಡಿಗೆ ತಾನು ಒದ್ದೆ ಬಟ್ಟೆಯಲ್ಲಿ ಕಲ್ಲಿನ ಪಾಚಿ ಒರೆಸುತ್ತಿದೆ.

ಊರಾಚೆಯ ಈ ಹಳೆಯ ಸ್ಮಶಾನಕ್ಕೆ ಅವರು ಕಾವಲುಗಾರ. ಕಲ್ಲಣ್ಣ ಎಂಬುದು ಜನ ಇಟ್ಟ ಅಡ್ಡಹೆಸರು. ಗುಂಡಿ ತೋಡುವುದು, ಹುಲ್ಲು ಕೊಯ್ಯುವುದು ಸಂಬಳದ ಕೆಲಸ. ಅಜ್ಜ, ಮುತ್ತಜ್ಜನನ್ನು ಹುಡುಕಿಕೊಂಡು ಬಂದವರಿಗೆ ಸವೆದ ಕಲ್ಲು ಓದಿಕೊಡುವುದು ತಾವಾಗಿ ಹಚ್ಚಿಕೊಂಡದ್ದು. ನೆತ್ತಿಯ ಬಿಸಿಲಿಗೆ ಏನೂ ಕಾಣದು. ಸೂರ್ಯ ಹುಟ್ಟುವಾಗ ಬೆಳಕು ಓರೆಯಾಗಿ ಬಿದ್ದರೆ, ಬೆರಳಿಗೂ ಸಿಗದ ಗೀರು ನೆರಳು ಹಿಡಿದು ಎದ್ದು ನಿಲ್ಲುತ್ತದೆ. ಮರ ಅಡ್ಡ ಬಂದ ಕಡೆ ಕ್ಷೌರದ ಕನ್ನಡಿಯಿಂದ ಬಿಸಿಲನ್ನು ತಿರುಗಿಸುತ್ತಾರೆ.

"ಸತ್ತೋರ ಸಂಸಾರ ಎಲ್ಲಾ ಬಾಯಿಪಾಠ. ಮನೇಲಿ ಸಕ್ಕರೆ ಮುಗಿದಿದ್ದು ಮಾತ್ರ ಗೊತ್ತಾಗಲ್ಲ," ಎಂಬುದು ಹೆಂಡತಿಯ ಆಕ್ಷೇಪ.

"ಅವರ್ಯಾರೂ ಟೀ ಕೇಳಲ್ಲ ನೋಡು," ಎಂದು ಇವರು ಜಾರಿಕೊಳ್ಳುತ್ತಾರೆ.

ಕಳೆದ ವಾರ ದೂರದ ಊರಿಂದ ಬಂದ ನರ್ಸಮ್ಮ ಒಬ್ಬರು ಹುಡುಕುತ್ತಿದ್ದದ್ದು ತಮ್ಮ ತಾಯಿಯ ಅಜ್ಜನನ್ನು. ಬೀಗ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಫೋಟೊ ಇಲ್ಲ, ಮನೆ ಉಳಿದಿಲ್ಲ. ಅಂಗಡಿ ಇದ್ದಲ್ಲಿ ಈಗ ಟೈರು ಮಾರುತ್ತಾರೆ. ಪಕ್ಕದ ಮುದಿ ದರ್ಜಿಗೆ ಮಾತ್ರ ಒಂದು ನೆನಪಿತ್ತು: "ಬೀಗದಜ್ಜನ ಕಲ್ಲಿನ ಮೇಲೆ ಬೀಗದ ಕೈ ಕೆತ್ತಿದಾರಂತೆ ಕಣಮ್ಮ." ಅಷ್ಟನ್ನೇ ಹಿಡಿದು ಸಾಲು ಸಾಲು ಒರೆಸುತ್ತ ಹೋದ ಕಲ್ಲಣ್ಣನವರಿಗೆ ಒಂದು ಬೆಳಿಗ್ಗೆ ಆ ಬೀಗದ ಕೈ ಕಂಡಿತು. ಸುದ್ದಿ ಹೇಳಿ ಕಳಿಸಿದ ಮೇಲಷ್ಟೇ ಹೊಳೆಯಿತು, ಕಲ್ಲು ಇದ್ದದ್ದು ಸ್ಮಶಾನದ ಗೋಡೆ ಪಕ್ಕದ ಸಾಲಿನಲ್ಲಿ.

ಹಿಂದೊಮ್ಮೆ ಜಡಿಮಳೆಗೆ ಗೋಡೆ ಕುಸಿದು ಆ ಸಾಲು ಪೂರ್ತಿ ಮಗುಚಿತ್ತು. ಮತ್ತೆ ನೆಟ್ಟವರು ಆಗಿನ ಕಾವಲುಗಾರರಾಗಿದ್ದ ಇವರ ಅಪ್ಪ. ಅವರಿಗೆ ಓದು ಬರುತ್ತಿರಲಿಲ್ಲ. ಅಂದಾಜಿನ ಮೇಲೆ ನಿಲ್ಲಿಸಿದರು. ಮುಂದೆ ಮಗನ ಕಣ್ಣಿಗೆ ಬಿದ್ದದ್ದು, ಮಗುವಿನ ಗಿಡ್ಡ ಸಮಾಧಿಯ ತಲೆಗೆ ಎಪ್ಪತ್ತು ದಾಟಿದವರೊಬ್ಬರ ಕಲ್ಲು. ಒಂದು ತಪ್ಪಿದ್ದರೆ ಮಿಕ್ಕವನ್ನು ನಂಬುವುದು ಹೇಗೆ?

ಬಿಸಿಲು ಏರುವ ಮುಂಚೆಯೇ ನರ್ಸಮ್ಮ ತಮ್ಮ ವಯಸ್ಸಾದ ತಾಯಿಯನ್ನು ತೋಳು ಹಿಡಿದು ಕರೆತರುತ್ತಾರೆ. ಆ ತಾಯಿ ಬಗ್ಗಿ, ಕೆತ್ತಿದ ಬೀಗದ ಕೈಯನ್ನು ಹೆಬ್ಬೆರಳಿನಿಂದ ಸವರುತ್ತಾರೆ.

"ಇಲ್ಲೇ ಇದಾರೇನಪ್ಪಾ?"

ಕಲ್ಲಣ್ಣ ಒದ್ದೆ ಬಟ್ಟೆಯನ್ನು ಕೆಳಗಿಡುತ್ತಾರೆ. "ಈ ಸಾಲಲ್ಲಿರೋದು ಖಂಡಿತ, ಅಮ್ಮಾ. ಈ ಕಲ್ಲಿನ ಕೆಳಗೇ ಅಂತ ಹೇಳಕ್ಕಾಗಲ್ಲ. ಗೋಡೆ ಬಿದ್ದಾಗ ಕಲ್ಲುಗಳು ಅದಲುಬದಲಾಗಿವೆ."

"ಇದನ್ನ ಮೊದಲೇ ಹೇಳಬಾರದಿತ್ತಾ?" ನರ್ಸಮ್ಮನ ದನಿ ಗಡುಸಾಗುತ್ತದೆ. "ಇವರನ್ನ ಇಷ್ಟು ದೂರ ಕರಕೊಂಡು ಬಂದಿದೀನಿ."

ತಾಯಿ ಕಲ್ಲಿನಿಂದ ಕೈ ತೆಗೆದು ಸಾಲಿನ ಆ ತುದಿಯವರೆಗೂ ನೋಡುತ್ತಾರೆ. ಆಮೇಲೆ, "ಬಿಡೇ," ಎನ್ನುತ್ತಾರೆ. "ನಮ್ಮಮ್ಮ ಹೇಳೋಳು, ಅಜ್ಜ ಒಂದು ದಿನವೂ ಹಾಸಿಕೊಟ್ಟ ಕಡೆ ಮಲಗಿದೋರಲ್ಲ ಅಂತ." ತಂದಿದ್ದ ಹೂಗಳನ್ನು ಬಿಡಿಸಿ, ಸಾಲಿನ ಉದ್ದಕ್ಕೂ ಒಂದೊಂದೇ ಇಡುತ್ತ ನಡೆಯುತ್ತಾರೆ. ಮಗುವಿನ ಸಮಾಧಿಗೆ ಎರಡು.

ಹೊರಡುವಾಗ ತಿರುಗಿ ಕೇಳುತ್ತಾರೆ: "ಇಷ್ಟು ಭಾರದ್ದನ್ನೆಲ್ಲ ಯಾರಪ್ಪಾ ಎತ್ತಿ ನಿಲ್ಲಿಸಿದ್ದು?"

"ಮುಂಚೆ ಇದ್ದ ಕಾವಲುಗಾರರು, ಅಮ್ಮಾ. ಒಬ್ಬರೇ ನಿಲ್ಲಿಸಿದ್ರು. ಒಂದೂ ಕಲ್ಲು ಒಡೀಲಿಲ್ಲ."

ಅವರು ತಮ್ಮ ಅಪ್ಪ ಎಂದು ಕಲ್ಲಣ್ಣ ಹೇಳುವುದಿಲ್ಲ.